ನಾಲ್ಕು ಪಟ್ಟು ಸೌಲಭ್ಯ

ಇಂಗ್ಲೆಂಡಿನಲ್ಲಿ ಕಪ್ಪು ಜನರಿಗೆ ಮಾನಸಿಕ ಚಿಕಿತ್ಸೆ ಸರಿಯಾಗಿ ಸಿಗುವುದಿಲ್ಲ ಅಂತ ಒಂದು ದೂರು ಹಿಂದಿನಿಂದಲೂ ಇದೆ. ಶುದ್ಧ ಸುಳ್ಳು. ಅಲ್ಲಿನ ಸರಕಾರದ ಲೆಕ್ಕವನ್ನೇ ತೆಗೆದು ನೋಡಿ. 1983ರ ಮೆಂಟಲ್ ಹೆಲ್ತ್ ಆಕ್ಟ್ ಪ್ರಕಾರ ಆಸ್ಪತ್ರೆ ಸೇರುವವರ ಪ್ರಮಾಣ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ನಾಲ್ಕು ಪಟ್ಟು. ನಾಲ್ಕು ಪಟ್ಟು ಪಡೆದೂ ಗೊಣಗುವವರಿಗೆ ಏನು ಹೇಳೋಣ?

ಒಂದು ಸಣ್ಣ ವಿಷಯ ಬಿಟ್ಟುಹೋಯಿತು. ಇವರು ತಾವಾಗಿ ಹೋಗಿ ಸೇರಿದವರಲ್ಲ. ಬೇಡ ಅಂದರೂ ಬಿಡದೆ ಸೇರಿಸಿದ್ದು. ಅಲ್ಲಿನವರು ಇದಕ್ಕೆ ‘ಸೆಕ್ಷನ್ ಮಾಡೋದು’ ಅಂತಾರೆ. ನಮ್ಮ ಮದುವೆ ಮನೆಗಳಲ್ಲಿ ಊಟ ಮಾಡಿಕೊಂಡೇ ಹೋಗಬೇಕು ಅಂತ ರಟ್ಟೆ ಹಿಡಿದು ಪಂಕ್ತಿಗೆ ಎಳೆಯುತ್ತಾರಲ್ಲ, ಅಂಥದೇ ಪ್ರೀತಿ.

ಬಿಳಿಯನಿಗೆ ಮನಸ್ಸು ಸರಿಯಿಲ್ಲದಿದ್ದರೆ ಪಾಪ ಎಷ್ಟು ತಾಪತ್ರಯ! ಮೊದಲು ಜಿಪಿ, ಅಂದರೆ ತನ್ನ ಏರಿಯಾದ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತಗೋಬೇಕು, ಇಲ್ಲಾ ತಾನೇ ಹೆಸರು ಬರೆಸಬೇಕು. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಬೇಸರವಾಗಿತ್ತು ಅಂತ ಫಾರಂನಲ್ಲಿ ಟಿಕ್ ಹಾಕಬೇಕು. ಆಮೇಲೆ ಕಾಯಬೇಕು. ಕಾದು ಕಾದು ಕೊನೆಗೆ ಟಾಕಿಂಗ್ ಥೆರಪಿಯ ಕುರ್ಚಿಯಲ್ಲಿ ಕೂತು ಚಿಕ್ಕಂದಿನ ಕಥೆಯೆಲ್ಲ ಹೇಳಬೇಕು. ಕಪ್ಪು ಹುಡುಗನಿಗೆ ಇದ್ಯಾವ ರಗಳೆಯೂ ಇಲ್ಲ. ರಸ್ತೆಯಲ್ಲಿ ನಿಂತು ಸ್ವಲ್ಪ ಜೋರಾಗಿ ಒಬ್ಬನೇ ಮಾತಾಡಿದರೆ ಸಾಕು, ಸೆಕ್ಷನ್ 136 ಇದೆ. ಪೊಲೀಸರೇ ಬಂದು ಕರೆದುಕೊಂಡು ಹೋಗುತ್ತಾರೆ. ನಮ್ಮಲ್ಲಿ ಮಂತ್ರಿಗಳಿಗೆ ಮಾತ್ರ ಇರುವ ಸೈರನ್ ಮರ್ಯಾದೆ ಅಲ್ಲಿ ಬಸ್ ಸ್ಟಾಪಿನಲ್ಲಿ ನಿಂತವನಿಗೂ ಸಿಗುತ್ತದೆ.

ಯಾಕೆ ಹೀಗೆ ಅಂತ ಕೇಳಿದರೆ, ಅದು ಅವರ ರಕ್ತದಲ್ಲೇ ಇರಬೇಕು ಅನ್ನುವವರಿದ್ದರು. ಆಮೇಲೆ ಸಂಶೋಧಕರು ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್‌ಗೇ ಹೋಗಿ ಎಣಿಸಿದರು. ಆ ಕೆರಿಬಿಯನ್ ದ್ವೀಪಗಳಿಂದ ಇಂಗ್ಲೆಂಡಿಗೆ ಬಂದವರಲ್ಲಿ ಕಂಡಷ್ಟು ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮನೋರೋಗ ಅಲ್ಲಿ ಕಾಣಲಿಲ್ಲ. ಅಪ್ಪ ಅಮ್ಮನ ಊರಲ್ಲಿ ಇಲ್ಲದ್ದು ಮಕ್ಕಳಿಗೆ ಲಂಡನ್ನಿನಲ್ಲಿ ಅಂಟಿಕೊಂಡಿದೆ. ಅಲ್ಲಿನ ಮಳೆಯದೇ ತಪ್ಪಿರಬೇಕು. ಕೆಲಸ ಕೊಡದವರು, ಬಾಡಿಗೆಗೆ ಮನೆ ಕೊಡದವರು, ದಾರಿಯಲ್ಲಿ ನಿಲ್ಲಿಸಿ ಜೇಬು ತಡಕಿದ ಪೊಲೀಸರು ಇದಕ್ಕೆಲ್ಲ ಹೇಗೆ ಕಾರಣವಾಗ್ತಾರೆ, ಅಲ್ವಾ?

ಸುಮ್ನೆ ಕೂತಿದ್ದಾರೆ ಅಂತ ಮಾತ್ರ ಯಾರೂ ಹೇಳುವಂತಿಲ್ಲ. ವರದಿ ಬರೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. 1998ರಲ್ಲಿ ನಾರಿಚ್‌ನ ಒಂದು ಕ್ಲಿನಿಕ್‌ನಲ್ಲಿ ಡೇವಿಡ್ ‘ರಾಕಿ’ ಬೆನೆಟ್ ಅನ್ನುವ ಜಮೈಕಾ ಮೂಲದ ರೋಗಿ ಸತ್ತ. ಇನ್ನೊಬ್ಬ ರೋಗಿಯ ಜೊತೆ ಫೋನಿನ ವಿಷಯಕ್ಕೆ ಜಗಳ. ಅವನು ಇವನ ಬಣ್ಣ ಹಿಡಿದು ಬೈದ. ಬೇರೆ ವಾರ್ಡಿಗೆ ಕಳಿಸಿದ್ದು ಬೆನೆಟ್‌ನನ್ನು. ಅವನು ಸಿಟ್ಟಿಗೆದ್ದು ನರ್ಸ್‌ಗೆ ಹೊಡೆದ. ನರ್ಸ್‌ಗಳು ಸೇರಿ ಅವನನ್ನು ಮುಖ ಕೆಳಗೆ ಮಾಡಿ ನೆಲಕ್ಕೆ ಒತ್ತಿ ಹಿಡಿದರು. ಅವನು ಮತ್ತೆ ಏಳಲಿಲ್ಲ. ವಿಚಾರಣೆ ನಡೆಯಿತು. ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರಕಾರಿ ಆರೋಗ್ಯ ಸೇವೆಯಲ್ಲಿರುವ ಜನಾಂಗಭೇದ ಕೀವು ತುಂಬಿದ ಹುಣ್ಣು ಅಂತ ವರದಿಯೂ ಬಂತು.

ಹುಣ್ಣಿಗೆ ಔಷಧಿ ಏನು? ಎಣಿಸುವುದು. 2005ರಿಂದ ವರ್ಷಕ್ಕೊಮ್ಮೆ ‘ಕೌಂಟ್ ಮಿ ಇನ್’ ಅಂತ ಒಂದು ಗಣತಿ ಶುರುವಾಯಿತು. ವಾರ್ಡುಗಳಲ್ಲಿ ಯಾವ ಬಣ್ಣದವರು ಎಷ್ಟಿದ್ದಾರೆ ಅಂತ ಲೆಕ್ಕ. ಚೆನ್ನಾಗಿಯೇ ಎಣಿಸಿದರು. ವರ್ಷ ವರ್ಷವೂ ಹೆಚ್ಚುಕಮ್ಮಿ ಅದೇ ಉತ್ತರ ಬಂತು. ಬೇಜಾರಾಯಿತೋ ಏನೋ, 2010ಕ್ಕೆ ಎಣಿಸುವುದನ್ನು ನಿಲ್ಲಿಸಿದರು. ಅದೇ ವರ್ಷ ಒಲಸೇನಿ ಲೂಯಿಸ್ ಸತ್ತ. 23 ವರ್ಷದ ಹುಡುಗ, ತಾನಾಗಿಯೇ ಆಸ್ಪತ್ರೆ ಸೇರಿದ್ದವನು. ಅವನನ್ನು ಒತ್ತಿ ಹಿಡಿಯಲು ಬಂದ ಪೊಲೀಸರು 11 ಜನ. ಆಸ್ಪತ್ರೆಯಲ್ಲಿ ಬಲಪ್ರಯೋಗಕ್ಕೆ ಮಿತಿ ಹಾಕುವ ಕಾಯ್ದೆ ಬಂದದ್ದು 2018ರಲ್ಲಿ. ಜಾರಿಯಾಗಲು 2022 ಆಯಿತು. ಕಾಯ್ದೆಗೂ ವೇಟಿಂಗ್ ಲಿಸ್ಟ್ ಇರುತ್ತೆ ನೋಡಿ.

2018ರಲ್ಲೇ ಇನ್ನೊಂದು ದೊಡ್ಡ ವರದಿ ಬಂತು. ನಾಲ್ಕು ಪಟ್ಟು ಅಂತ ಅದೂ ಹೇಳಿತು. ಈಗ ಒಂದು ಸಂತೋಷದ ಸುದ್ದಿ: 2016-17ರಲ್ಲಿ ನಾಲ್ಕು ಪಟ್ಟು ಇದ್ದದ್ದು 2022-23ರ ಲೆಕ್ಕದಲ್ಲಿ ಮೂರೂವರೆ ಪಟ್ಟಿಗೆ ಇಳಿದಿತ್ತು. ಆರು ವರ್ಷಕ್ಕೆ ಅರ್ಧ ಪಟ್ಟು ಕಮ್ಮಿ. ಇದೇ ಸ್ಪೀಡಿನಲ್ಲಿ ಹೋದರೆ ಇನ್ನು ಮೂವತ್ತು ವರ್ಷಕ್ಕೆ ಬಿಳಿಯರ ಸಮಕ್ಕೆ ಬರುತ್ತಾರೆ. ಅವಸರ ಯಾಕೆ?

2023ರಲ್ಲಿ ಎನ್‌ಎಚ್‌ಎಸ್ ಇನ್ನೊಂದು ಹೊಸ ಚೌಕಟ್ಟು ತಂದಿತು. ರೋಗಿಗಳು, ಅವರ ಮನೆಯವರು ಏನು ಹೇಳುತ್ತಾರೋ ಅದನ್ನು ಆಸ್ಪತ್ರೆಗಳು ಕೇಳಿಸಿಕೊಳ್ಳಬೇಕಂತೆ. ಅದ್ಭುತ ಐಡಿಯಾ. ರಾಕಿ ಬೆನೆಟ್ 1993ರಲ್ಲೇ ಕ್ಲಿನಿಕ್‌ಗೆ ಪತ್ರ ಬರೆದಿದ್ದ: ಇಲ್ಲಿ ನಾವು ಕಪ್ಪು ಹುಡುಗರು ಅರ್ಧ ಡಜನ್‌ಗಿಂತ ಜಾಸ್ತಿ ಇದ್ದೇವೆ, ನಿಮ್ಮ ಸಿಬ್ಬಂದಿಯಲ್ಲಿ ನಮ್ಮವರು ಒಬ್ಬರೂ ಇಲ್ಲ, ಕೊನೇಪಕ್ಷ ಇಬ್ಬರಾದರೂ ಬೇಕು ಅಂತ.

ಇನ್ನು ನಮ್ಮವರ ವಿಷಯ. ಅಲ್ಲಿನ ಭಾರತೀಯರ ಕಥೆ ಇದರ ಉಲ್ಟಾ. ಏಷ್ಯಾದವರದ್ದು ಕೂಡು ಕುಟುಂಬ, ಮನೆಯವರೇ ನೋಡಿಕೊಳ್ಳುತ್ತಾರೆ ಅನ್ನೋದು ಅಲ್ಲಿ ಬಹಳ ಹಳೆಯ ನಂಬಿಕೆ. ನಮ್ಮ ದೇಶದಲ್ಲಿ ಓದಿ ಹೋದ ಮನೋವೈದ್ಯರು ಆ ಆಸ್ಪತ್ರೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಬಾಗಿಲಿನವರೆಗೆ ನಮ್ಮವರು ತಲುಪಬೇಕಷ್ಟೆ.

ಹಾಸನದಿಂದ ಹೋಗಿ ಬರ್ಮಿಂಗ್‌ಹ್ಯಾಮಿನಲ್ಲಿ ಮಗನ ಮನೆಯಲ್ಲಿರುವ ಒಬ್ಬ ತಾಯಿ ಅಂದುಕೊಳ್ಳಿ. ಡಾಕ್ಟರ ಹತ್ತಿರ ಹೋದಾಗ ದುಭಾಷಿ ಕೇಳಿದರೆ ಕೊಡುತ್ತಾರೆ. ಆದರೆ ಮಗ ಪಕ್ಕದಲ್ಲೇ ಇದ್ದಾನಲ್ಲ, ಯಾಕೆ ಬೇರೆಯವರು?

“ರಾತ್ರಿಯೆಲ್ಲ ನಿದ್ದೆ ಇಲ್ಲ ಕಣಪ್ಪ. ಎದೆ ಮೇಲೆ ಕಲ್ಲು ಹೇರಿದಂಗೆ ಆಗುತ್ತೆ. ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ಅವಳಂತೂ ಮುಖ ಕೊಟ್ಟು ಮಾತಾಡಲ್ಲ.”

ಸೊಸೆಯ ಮೇಲಿನ ದೂರನ್ನು ಸೊಸೆಯ ಗಂಡನೇ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ಡಾಕ್ಟರ್ ಗಡಿಯಾರ ನೋಡುತ್ತಿದ್ದಾರೆ. ಮಗ ಒಂದು ಕ್ಷಣ ಯೋಚಿಸಿ, “ಅಮ್ಮನಿಗೆ ಎದೆ ಉರಿ ಅಂತೆ” ಅನ್ನುತ್ತಾನೆ.

ಗ್ಯಾಸ್ ಮಾತ್ರೆ. ದಿನಕ್ಕೆ ಒಂದು, ಊಟಕ್ಕೆ ಮುಂಚೆ.