ಮೆಕ್ಕೆಜೋಳದ ಹೊಸ ತಳಿಗೆ ಅಂತರರಾಷ್ಟ್ರೀಯ ಸಹಯೋಗವನ್ನು ನೆಚ್ಚಬೇಕೇ?

ಪರ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ಪತ್ತೆಯಾಯಿತು. ಏಷ್ಯಾದಲ್ಲಿ ಅದು ಕಂಡದ್ದು ಅದೇ ಮೊದಲು. ಅಮೆರಿಕ ಖಂಡದ ಈ ಕೀಟ 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತ್ತು. ಎರಡೇ ವರ್ಷಗಳಲ್ಲಿ ನಮ್ಮ ಬೆಳೆಯ ಸುಳಿಯೊಳಗೆ ಹಿಕ್ಕೆ ತುಂಬುತ್ತಾ ಎಲೆ ಮೇಯತೊಡಗಿತು. ಇದನ್ನು ತಾಳಿಕೊಳ್ಳುವ ಗುಣವನ್ನು ನಾವು ನಮ್ಮೂರಿನಲ್ಲಷ್ಟೇ ಹುಡುಕಿದರೆ ಸಿಗುವುದೇ? ಈ ಹುಳುವಿನೊಂದಿಗೇ ಬಾಳಿಬಂದ ಅಮೆರಿಕ ಖಂಡದ ತಳಿಗಳಲ್ಲಿ ಅದನ್ನು ಹುಡುಕಬೇಕು. ಮೆಕ್ಸಿಕೊದಲ್ಲಿ ಕೇಂದ್ರ ಕಚೇರಿಯಿರುವ, ಮೆಕ್ಕೆಜೋಳ ಮತ್ತು ಗೋಧಿಯ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಸಿಮ್ಮಿಟ್ ಅಂಥ ಮೂಲದ ಸಾಮಗ್ರಿಯನ್ನು ಬಳಸಿ, ಕೆನ್ಯಾದ ಕಿಬೊಕೊದಲ್ಲಿ ಗಿಡಗಳಿಗೆ ಹುಳು ಬಿಟ್ಟು ಪರೀಕ್ಷಿಸಿ, 2020ರ ಕೊನೆಗೆ ಆಫ್ರಿಕಾಕ್ಕೆಂದು ಮೂರು ಹೈಬ್ರಿಡ್‌ಗಳನ್ನು ಪ್ರಕಟಿಸಿತು.

ಕೆನ್ಯಾದ್ದೇ ಇನ್ನೊಂದು ಉದಾಹರಣೆ ಇದಕ್ಕಿಂತ ಮುಖ್ಯ. 2011ರಲ್ಲಿ ಅಲ್ಲಿ ಎರಡು ವೈರಸ್‌ಗಳು ಒಟ್ಟಿಗೆ ತಗಲಿ ಗಿಡಗಳು ನಿಂತಲ್ಲೇ ಒಣಗುವ ರೋಗ ಕಾಣಿಸಿಕೊಂಡಿತು. ನೈವಾಶಾದಲ್ಲಿ 2013ರಲ್ಲಿ ಪರೀಕ್ಷಾ ಕೇಂದ್ರ ತೆರೆದು, ಬೇರೆ ಬೇರೆ ಸಂಸ್ಥೆಗಳ ತಳಿಗಳಿಗೆ ಬೇಕೆಂದೇ ರೋಗ ತಗಲಿಸಿ ನೋಡುತ್ತಿದ್ದಾರೆ. ರೋಗವಿಲ್ಲದ ದೇಶ ಈ ಪರೀಕ್ಷೆಯನ್ನು ತನ್ನ ನೆಲದಲ್ಲೇ ಮಾಡಲು ಹೊರಟರೆ ವೈರಸ್ಸನ್ನೇ ಒಳಗೆ ಬಿಟ್ಟುಕೊಳ್ಳಬೇಕಾಗುತ್ತದೆ.

ಬಿಸಿಲಿನ ವಿಷಯ ನಮಗೆ ಇನ್ನೂ ಹತ್ತಿರದ್ದು. ಗಿಡದ ತುದಿಯ ಗಂಡು ಹೂಗೊಂಚಲಾದ ಸೂಲಂಗಿ ಪರಾಗ ಉದುರಿಸುವ ದಿನಗಳಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ಮುಟ್ಟಿದರೆ ಪರಾಗ ಸಾಯುತ್ತದೆ, ತೆನೆಯ ತುದಿಯ ರೇಷ್ಮೆ ಎಳೆಗಳು ಒಣಗುತ್ತವೆ. ಗಿಡ ಹಸಿರಾಗಿಯೇ ನಿಂತಿರುತ್ತದೆ. ಸಿಪ್ಪೆ ಸುಲಿದಾಗ ದಿಂಡಿನ ಮೇಲೆ ಅಲ್ಲೊಂದು ಇಲ್ಲೊಂದು ಕಾಳು. 2012ರಲ್ಲಿ ಶುರುವಾದ ಉಷ್ಣ ಸಹಿಷ್ಣು ಮೆಕ್ಕೆಜೋಳದ ಯೋಜನೆಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಜೊತೆ ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನದ ಸಂಶೋಧಕರೂ ಇದ್ದರು. ಒಂದು ಊರಿನ ಒಂದು ಬೇಸಿಗೆಯನ್ನು ನಂಬಿ ಬೀಜ ಬಿಡುಗಡೆ ಮಾಡುವುದಕ್ಕಿಂತ, ನಾಲ್ಕು ದೇಶಗಳ ಬಿಸಿಲಿನಲ್ಲಿ ಕಾಳು ಕಟ್ಟಿದ್ದನ್ನು ಆರಿಸುವುದು ರೈತನಿಗೆ ಎಷ್ಟೋ ಕ್ಷೇಮ.

ವಿರೋಧ

ಆ ರಾಯಚೂರಿನ ಯೋಜನೆಗೆ ಹಣ ಕೊಟ್ಟವರು ಯಾರು? ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್. 2025ರಲ್ಲಿ ಅಲ್ಲಿನ ಸರ್ಕಾರ ಆ ಸಂಸ್ಥೆಯನ್ನೇ ಮುಚ್ಚಿತು. ವರ್ಷಗಟ್ಟಲೆ ಬಿಡದೆ ನಡೆಯಬೇಕಾದ ತಳಿ ಸಂಶೋಧನೆಯನ್ನು ಇನ್ನೊಂದು ದೇಶದ ಚುನಾವಣೆಯ ಫಲಿತಾಂಶಕ್ಕೆ ಕಟ್ಟಿಹಾಕಿದ್ದೇವೆ ಎಂಬುದು ನನ್ನ ಮೊದಲ ಆಕ್ಷೇಪ.

ಎರಡನೆಯದು ಬೀಜದ ಹಕ್ಕಿಗೆ ಸಂಬಂಧಿಸಿದ್ದು. ನಮ್ಮ ಅಖಿಲ ಭಾರತ ಮೆಕ್ಕೆಜೋಳ ಸಮನ್ವಯ ಯೋಜನೆ ಶುರುವಾದದ್ದು 1957ರಲ್ಲಿ. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಅದಕ್ಕಿತ್ತು, ನಿಜ. ಆದರೆ 1961ರಲ್ಲಿ ಗಂಗಾ, ಡೆಕ್ಕನ್ ಹೈಬ್ರಿಡ್‌ಗಳನ್ನು ಕೊಟ್ಟ ಆ ಯೋಜನೆಯೇ 1967ರಲ್ಲಿ ವಿಜಯ್, ಕಿಸಾನ್‌ನಂಥ ಸಂಯುಕ್ತ ತಳಿಗಳನ್ನೂ, ಅಂದರೆ ಹಲವು ತಳಿಗಳನ್ನು ಬೆರೆಸಿ ಮುಕ್ತವಾಗಿ ಪರಾಗಸ್ಪರ್ಶವಾಗಲು ಬಿಟ್ಟು ಪಡೆದವನ್ನೂ, ಕೊಟ್ಟಿತು. ಸಂಯುಕ್ತ ತಳಿಯ ಒಳ್ಳೆಯ ತೆನೆಗಳನ್ನು ಆರಿಸಿ ಕಟ್ಟಿಟ್ಟರೆ ಮರುವರ್ಷದ ಬಿತ್ತನೆಗೆ ಬೀಜವಾಯಿತು. ಹೈಬ್ರಿಡ್‌ನಲ್ಲಿ ಹಾಗೆ ಮಾಡಿದರೆ ಎರಡನೆಯ ವರ್ಷವೇ ಇಳುವರಿ ಕುಸಿಯುತ್ತದೆ. ಬೀಜ ಉಳಿಸಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನಿಗೆ ಕೊಟ್ಟಿದೆ. ಉಳಿಸಿದ ಬೀಜ ಬೆಳೆಯೇ ಕೊಡದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯಿತು. ಹಾವೇರಿ, ದಾವಣಗೆರೆಯ ರೈತ ಮುಂಗಾರು ಬಂದಾಗಲೆಲ್ಲ ಬೀಜದಂಗಡಿಯ ಮುಂದೆ ನಿಲ್ಲಲೇಬೇಕು. ಸಿಮ್ಮಿಟ್ ಮೆಕ್ಕೆಜೋಳದ ತಳಿಗಳಿಗಾಗಿ ನಡೆಸುವ ಒಕ್ಕೂಟಕ್ಕೆ ಬೀಜ ಕಂಪನಿಗಳು ಶುಲ್ಕ ಕಟ್ಟಿ ಸದಸ್ಯರಾಗುತ್ತವೆ. ಹಾಗಿರುವಾಗ ಅಲ್ಲಿಯ ಆದ್ಯತೆ ಹೈಬ್ರಿಡ್‌ನತ್ತ ವಾಲುವುದು ಸಹಜ. ಮಳೆಯನ್ನೇ ನಂಬಿದ ಎರಡೆಕರೆಯವನಿಗೆ, ಸಾಲ ಮಾಡದೆ ಬಿತ್ತಬಹುದಾದ ತಳಿಯನ್ನು ಅಲ್ಲಿ ಯಾರು ಕೇಳುತ್ತಾರೆ?

1970ರಲ್ಲಿ ಅಮೆರಿಕದಲ್ಲಿ ಆದದ್ದನ್ನೂ ಮರೆಯಬಾರದು. ಬಹುಪಾಲು ಹೈಬ್ರಿಡ್‌ಗಳು ತಾಯಿಗಿಡದಿಂದ ಬರುವ ಒಂದೇ ಬಗೆಯ ಕೋಶದ್ರವ್ಯ (ಜೀವಕೋಶದಲ್ಲಿ ಕೋಶಕೇಂದ್ರದ ಹೊರಗಿನ ಭಾಗ) ಹೊತ್ತಿದ್ದವು. ಅದಕ್ಕೆ ಅಂಟುವ ಎಲೆ ಅಂಗಮಾರಿ ಹಬ್ಬಿ ಸುಮಾರು ಶೇ 15ರಷ್ಟು ಬೆಳೆ ಹೋಯಿತು. ದೇಶದೇಶಗಳ ತಳಿಗಳಿಗೆಲ್ಲ ಅವೇ ಕೆಲವು ತಂದೆತಾಯಿ ಸಾಲುಗಳು (ಬೆರಕೆಗೆ ಬಳಸುವ ಮೂಲ ತಳಿಗಳು) ಮೂಲವಾದರೆ ಇಂಥ ಅಪಾಯಕ್ಕೆ ಗಡಿಯೇ ಇರುವುದಿಲ್ಲ.

ನೈವಾಶಾದ ಪರೀಕ್ಷೆ ಬೇಡವೆನ್ನುವಷ್ಟು ಹಟ ನನಗಿಲ್ಲ. ಆದರೆ ಯಾವ ತಳಿ ಬೇಕೆಂಬ ನಿರ್ಧಾರ ಇಲ್ಲೇ ಆಗಬೇಕು. ಹೈಬ್ರಿಡ್‌ಗೆ ಬೇಕಾದ ಶುದ್ಧ ಸಾಲುಗಳನ್ನು, ಅಂದರೆ ಪೀಳಿಗೆಯಿಂದ ಪೀಳಿಗೆಗೆ ಗುಣ ಬದಲಾಗದ ತಳಿಗಳನ್ನು, ಎರಡೇ ಹಂಗಾಮಿನಲ್ಲಿ ಪಡೆಯುವ ಸೌಲಭ್ಯ 2021ರಿಂದ ಕುಣಿಗಲ್‌ನಲ್ಲೇ ಇದೆ. ಬೆಂಗಳೂರು, ಧಾರವಾಡ, ರಾಯಚೂರಿನ ವಿಶ್ವವಿದ್ಯಾಲಯಗಳು ಅಲ್ಲಿ ತಮ್ಮ ತಳಿಗಳ ಕೆಲಸ ಮಾಡಿಸಲು ಬೇಕಾಗುವ ಶುಲ್ಕವನ್ನು ರಾಜ್ಯದ ಬಜೆಟ್ ಭರಿಸಲಿ, ಅದೂ ಪ್ರತಿ ವರ್ಷ.