ಮೊದಲ ಪ್ರಾರ್ಥನೆ ಬೇಡಿಕೆಯೇ ಆಗಬೇಕಾ?

ಹೊಸ ವರ್ಷದ ಮೊದಲ ಗಂಟೆಯನ್ನು ದೇವರಿಗೆ ಕೊಡಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಪೂರ್ತಿ ಒಪ್ಪುತ್ತೇನೆ. ಆದರೆ ಆ ಹೊತ್ತಿಗೆ ವರ್ಷದ ಬೇಡಿಕೆಗಳನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ ಅಂದಿದ್ದೀರಲ್ಲ, ಅದು ಯಾಕೋ ಮನಸ್ಸಿಗೆ ಹಿಡಿಸಲಿಲ್ಲ. ಬೇಡಬಾರದು ಅಂತಲ್ಲ. ಬಾಯಿ ತೆರೆದ ಕೂಡಲೇ ಬೇಡುವುದೇ ಆದರೆ ದೇವರ ಮಾತು ಕೇಳುವುದು ಯಾವಾಗ?

ಮುಂಬೈಯ ನಮ್ಮ ಕನ್ನಡ ಮೆಥೋಡಿಸ್ಟ್ ಸಭೆಯಲ್ಲಿ ಬೀದರ್, ಕಲಬುರಗಿ ಕಡೆಯವರೇ ಜಾಸ್ತಿ. ಡಿಸೆಂಬರ್ 31ರ ರಾತ್ರಿ ಹನ್ನೆರಡಕ್ಕೆ ಎಲ್ಲರೂ ಮೊಣಕಾಲೂರಿರುತ್ತೇವೆ. ಹೊರಗೆ ಪಟಾಕಿ, ಬಂದರಿನ ಕಡೆಯಿಂದ ಹಡಗುಗಳ ಭೋಂಗಾ. ಆಗ ಹೇಳುವುದು ಒಡಂಬಡಿಕೆಯ ಪ್ರಾರ್ಥನೆ, ಅಂದರೆ ನಮ್ಮನ್ನು ದೇವರಿಗೆ ಒಪ್ಪಿಸಿಕೊಡುವ ಮಾತು. ಮೆಥೋಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ ಆರಾಧನೆಯಿಂದ ಬಂದದ್ದು. ಮೊದಲು ನಡೆದದ್ದು ಆಗಸ್ಟಿನಲ್ಲಿ, ಹೊಸ ವರ್ಷದ ರೂಢಿಯಾದದ್ದು ಆಮೇಲೆ. ತಿರುಳು ಇಷ್ಟು: ದೇವರೇ, ನಾನಿನ್ನು ನನ್ನವನಲ್ಲ, ನಿನ್ನವನು. ಕೆಲಸಕ್ಕೆ ಹಚ್ಚಿದರೂ ಸರಿ, ಪಕ್ಕಕ್ಕಿಟ್ಟರೂ ಸರಿ.

ಆ 'ಪಕ್ಕಕ್ಕಿಟ್ಟರೂ ಸರಿ' ಅನ್ನುವಲ್ಲಿ ನನಗೆ ಗಂಟಲು ಕಟ್ಟುತ್ತದೆ. ನಮ್ಮ ಸಾಲಿನಲ್ಲಿ ಒಬ್ಬ ಅಜ್ಜ ಇದ್ದಾರೆ. 1982ರ ಮುಷ್ಕರದ ನಂತರ ಬಟ್ಟೆ ಗಿರಣಿಯ ಕೆಲಸ ಹೋಯಿತು, ಮತ್ತೆ ಸಿಗಲೇ ಇಲ್ಲ. ಆ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವರು ಅವರೇ. ದೇವರಿಗೆ ಮನಸ್ಸು ತೆರೆದಿಡುವುದು ಅಂದರೆ ಇದೇ ಅಲ್ವಾ?

ಚೀಟಿ ಬರೆಯಲಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮುಂಚೆ ಹತ್ತು ನಿಮಿಷ ಸುಮ್ನೆ ಕೂತು ಬೈಬಲಿನ 90ನೇ ಕೀರ್ತನೆ ಓದಲಿ. ನಮ್ಮ ದಿನಗಳನ್ನು ಎಣಿಸಲು ಕಲಿಸು ಅಂತ ಕೇಳುವ ಕೀರ್ತನೆ ಅದು. ಈ ಒಡಂಬಡಿಕೆಯ ಪ್ರಾರ್ಥನೆ ಬಗ್ಗೆಯೂ ನೀವೊಂದು ಲೇಖನ ಬರೆಯುತ್ತೀರಾ?