ಒಪ್ಪಂದ ಬೇಕು, ಆದರೆ ಬರೀ ಸಹಿ ಸಾಲದು

ಆಶ್ರಯ ಕೇಳಿ ದೋಣಿಯಲ್ಲಿ ಬಂದವರನ್ನು ಬೇರೆ ದೇಶಕ್ಕೆ ಕಳಿಸುವ ಒಪ್ಪಂದವೇ ಪರಿಹಾರ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. 2011ರಲ್ಲಿ ಆಸ್ಟ್ರೇಲಿಯಾ ಇದನ್ನೇ ಮಾಡಲು ಹೊರಟಿತ್ತು. ಆಶ್ರಯ ಕೇಳಿ ಬಂದ 800 ಜನರನ್ನು ಮಲೇಷ್ಯಾಕ್ಕೆ ಕಳಿಸುವುದು, ಅಲ್ಲಿಂದ 4,000 ನಿರಾಶ್ರಿತರನ್ನು ಕರೆಸಿಕೊಳ್ಳುವುದು. ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಆ ದೇಶದ ಅತಿ ದೊಡ್ಡ ಕೋರ್ಟೇ, ಅದನ್ನು ತಡೆಯಿತು. ಯಾಕೆಂದರೆ ಮಲೇಷ್ಯಾ ನಿರಾಶ್ರಿತರನ್ನು ಕಾಪಾಡುವ ವಿಶ್ವಸಂಸ್ಥೆಯ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಹೋದವರನ್ನು ಕಾಪಾಡಲೇಬೇಕು ಅನ್ನುವ ಕಾನೂನು ಅಲ್ಲಿರಲಿಲ್ಲ. ಮರುವರ್ಷ ಆಸ್ಟ್ರೇಲಿಯಾ ಪೆಸಿಫಿಕ್ ಸಾಗರದ ನೌರು, ಮಾನುಸ್ ದ್ವೀಪಗಳಲ್ಲಿ ಇಂಥವರನ್ನು ಇಡುವ ಕ್ಯಾಂಪ್ ಮತ್ತೆ ತೆರೆಯಿತು. ಅಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಕೊಳೆತರು.

ಇದೆಲ್ಲ ದೂರದ ಸುದ್ದಿ ಅಂದುಕೊಳ್ಳಬೇಡಿ. 2021ರ ಜೂನ್‌ನಲ್ಲಿ ನಮ್ಮ ಮಂಗಳೂರಲ್ಲೇ 38 ಶ್ರೀಲಂಕಾದವರು ಪೊಲೀಸರಿಗೆ ಸಿಕ್ಕಿದ್ದರು, ಕೆನಡಾಕ್ಕೆ ಕಳಿಸುತ್ತೇವೆ ಅಂತ ಏಜೆಂಟರು ಹಣ ತೆಗೆದುಕೊಂಡು ಇಲ್ಲಿ ಕೂರಿಸಿದ್ದರು. ಭಾರತವೂ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ಇಲ್ಲ. ಏಜೆಂಟರನ್ನು ಹಿಡಿಯಲೇಬೇಕು, ಆ ಮಾತಲ್ಲಿ ನೀವು ಸರಿ. ಆದರೆ ಸುಮ್ನೆ ದೋಣಿ ತಡೆದರೆ ಜನ ಓಡುವುದು ನಿಲ್ಲುತ್ತದಾ? ಅಕ್ಕಪಕ್ಕದ ದೇಶಗಳು ಸೇರಿ ಒಪ್ಪಂದ ಮಾಡಲಿ, ಅದರಲ್ಲಿ ಕೆಲಸ ಮಾಡುವ ಹಕ್ಕು, ಮಕ್ಕಳಿಗೆ ಶಾಲೆ, ಜೀವಭಯ ಇರುವ ಕಡೆಗೆ ವಾಪಸ್ ಕಳಿಸುವುದಿಲ್ಲ ಅನ್ನುವ ಮಾತು, ಇಷ್ಟಾದರೂ ಬರವಣಿಗೆಯಲ್ಲಿ ಇರಲಿ.